ಕಾಯುವ ಹೊತ್ತು, ಮಾಗುವ ಹೊತ್ತು



ಈ ವಾರ ಒಬ್ಬ ಕನ್ನಿಸ್ವಾಮಿ ಕೇಳಿದರು: "ವರ್ಚುವಲ್ ಕ್ಯೂ ಬುಕಿಂಗ್ ಫೋನಿನಲ್ಲಿ ಎರಡೇ ನಿಮಿಷ. ವ್ರತಕ್ಕೆ ಮಾತ್ರ ಯಾಕೆ 41 ದಿನ? ಒಂದು ವಾರದಲ್ಲಿ ಮುಗಿಸಿದರೆ ಏನು ತಪ್ಪು?" ದಯವಿಟ್ಟು ಯಾರೂ ಅವರನ್ನು ಬೈಯಬೇಡಿ. ಎರಡು ವರ್ಷದ ಹಿಂದೆ ನಾನೂ ಹಾಗೇ ಯೋಚಿಸಿ, ಯಾತ್ರೆಗೆ ಐದು ದಿನ ಇರುವಾಗ ಮಾಲೆ ಹಾಕಿದವನು.

ನನ್ನದು ಐಟಿ ಸಪೋರ್ಟ್ ಕೆಲಸ. "ಇಷ್ಟು ಸಣ್ಣ ಕೆಲಸಕ್ಕೆ ಯಾಕಿಷ್ಟು ಹೊತ್ತು?" ಅಂತ ದಿನವಿಡೀ ಕೇಳಿಸಿಕೊಳ್ಳುತ್ತೇನೆ. ಒಂದು ಟಿಕೆಟ್ ಮೂರು ದಿನ ಹಿಡಿದರೆ ನಿಜವಾದ ಕೆಲಸ ಹತ್ತು ನಿಮಿಷದ್ದು, ಉಳಿದದ್ದೆಲ್ಲ ಯಾರದೋ ಅನುಮತಿಗೆ ಕಾದದ್ದು. ಆದರೆ ಹಳೆಯ ಡಿಸ್ಕಿನಿಂದ ಹೊಸದಕ್ಕೆ ಡೇಟಾ ಕಾಪಿ ಮಾಡುವುದು ಬೇರೆ ಕಥೆ. ಒಂದೊಂದು ಭಾಗವನ್ನೂ ಓದಲೇಬೇಕು, ಬರೆಯಲೇಬೇಕು. ಪಕ್ಕದಲ್ಲಿ ಹತ್ತು ಜನ ನಿಂತು ಅವಸರ ಮಾಡಿದರೂ ಅದು ಬೇಗ ಮುಗಿಯುವುದಿಲ್ಲ. ಮೊದಲನೆಯದು ಕಾಯುವ ಹೊತ್ತು. ಎರಡನೆಯದು ಕೆಲಸವೇ ಕೇಳುವ ಹೊತ್ತು. ಅದನ್ನು ಮಾಗುವ ಹೊತ್ತು ಅನ್ನೋಣ.

ನಮ್ಮ ಮಾಜಿವಾಡಾ ಜಂಕ್ಷನ್ನಿನಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ. ಘೋಡ್‌ಬಂದರ್ ರಸ್ತೆ ಹೈವೇಗೆ ಸೇರುವಲ್ಲಿ ಬಸ್ಸು ನಿಂತೇ ಇರುತ್ತದೆ. ರಸ್ತೆ ಖಾಲಿಯಾದರೆ ಅದೇ ದೂರ ಐದು ನಿಮಿಷ. ಅಲ್ಲೇ ಮೇಲೆ ವಡಾಲಾ–ಕಾಸರ್‌ವಡವಲಿ ಮೆಟ್ರೋ 4ರ ಕಂಬಗಳಿವೆ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ನಾನು ತಿಳಿದಿದ್ದೆ. ಅಲ್ಲ. ಸಿಮೆಂಟ್ ಮತ್ತು ನೀರು ಒಂದರೊಳಗೊಂದು ಬೆರೆತು ಹೊಸ ಪದಾರ್ಥವಾಗುವುದರಿಂದ ಅದು ಗಟ್ಟಿಯಾಗುತ್ತದೆ. ಅದಕ್ಕೇ ಒದ್ದೆ ಗೋಣಿ ಸುತ್ತಿ ಹಸಿಯಾಗಿ ಇಡುತ್ತಾರೆ. ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಏಳು ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ಬರುತ್ತದೆ. ಅದರ ಬಲವನ್ನು ಲೆಕ್ಕ ಹಿಡಿಯುವುದು 28ನೇ ದಿನಕ್ಕೆ. ಹೊರಗಿನಿಂದ ನೋಡಿದರೆ ಎರಡೂ ದಿನ ಕಂಬ ಒಂದೇ ಥರ ಕಾಣುತ್ತದೆ.

ನಮ್ಮ ದೇಹವೂ ಹಾಗೇ. ಪಾದದ ಚರ್ಮದ ಹೊಸ ಕಣ ಅಡಿಯಿಂದ ಮೇಲಕ್ಕೆ ಬರಲು ವಾರಗಳೇ ಬೇಕು. ನಡೆದರೆ ಮಾಂಸಖಂಡ ಬೇಗ ಬಲಿಯುತ್ತದೆ. ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ ರಕ್ತ ಕಡಿಮೆ ಹರಿಯುವುದರಿಂದ ಅದು ನಿಧಾನ. ಐದು ದಿನದ ವ್ರತ ಮಾಡಿದ ನನಗೆ ನೀಲಿಮಲೆ ಏರುವಾಗಲೇ ಅಂಗಾಲು ಬೊಬ್ಬೆ ಬಂತು. ಅದಕ್ಕಿಂತ ನಾಚಿಕೆಯ ವಿಷಯ, ಶರಂಗುತ್ತಿ ಹತ್ತಿರ ಸಾಲಿನಲ್ಲಿ ನುಗ್ಗಿ, ಒಬ್ಬ ವಯಸ್ಸಾದ ಮಾಳಿಗಪ್ಪುರಂ ಮೇಲೆ ರೇಗಿದ್ದೆ. ಕೊರಳಲ್ಲಿ ಮಾಲೆ ಇತ್ತು, ಬಾಯಲ್ಲಿ ಶರಣು ಇತ್ತು. ಒಳಗೆ ಏನೂ ಮಾಗಿರಲಿಲ್ಲ.

ಆಮೇಲೆ ಅರ್ಥವಾಯಿತು. ಸಾಲಿನಲ್ಲಿ ನುಗ್ಗಿದಾಗ ನಾನು ಹೊತ್ತು ಉಳಿಸಲಿಲ್ಲ. ನನ್ನ ಕಾಯುವಿಕೆಯನ್ನು ಆ ಅಜ್ಜಿಯ ತಲೆ ಮೇಲೆ ಹಾಕಿದೆ. ಕಾಯುವ ಹೊತ್ತನ್ನು ಹೀಗೆ ಇನ್ನೊಬ್ಬರಿಗೆ ದಾಟಿಸಬಹುದು. ಮಾಗುವ ಹೊತ್ತನ್ನು ಯಾರಿಗೂ ದಾಟಿಸಲಾಗದು. ಹಾಗಾಗಿ ಬುಕಿಂಗ್ ಬೇಗ ಆಗಲಿ, ರೈಲು ಬೇಗ ತಲುಪಲಿ, ಅದರಲ್ಲಿ ಪಾಪವಿಲ್ಲ. ಎಲ್ಲರ ಕಾಯುವ ಹೊತ್ತು ಕಡಿಮೆಯಾದರೆ ಒಳ್ಳೆಯದೇ. ಆದರೆ ಆ ವೇಗ ನೋಡಿ ಮಾಗುವ ಹೊತ್ತನ್ನೂ ಕತ್ತರಿಸಬಹುದು ಅಂದುಕೊಳ್ಳುವುದು ನಾವು ನಮಗೇ ಮಾಡಿಕೊಳ್ಳುವ ಮೋಸ.

41ನೇ ದಿನ ಬೆಳಗ್ಗೆ ಒಳಗೆ ಏನೋ ಸ್ವಿಚ್ ಬೀಳುತ್ತದೆ ಅಂತ ನಾನು ಹೇಳುತ್ತಿಲ್ಲ. ಕಳೆದ ವರ್ಷ ಪೂರ್ತಿ ವ್ರತ ಮಾಡಿದೆ. ಹತ್ತನೇ ದಿನವೂ ಫೋನಿನಲ್ಲಿ ದನಿ ಏರಿಸಿದ್ದೆ. ಆದರೆ ತಿಂಗಳಾದ ಮೇಲೆ ಒಂದು ಸಂಜೆ, ಒಬ್ಬರು ಬೈಯುತ್ತಿದ್ದರೂ "ಹೇಳಿ ಸ್ವಾಮಿ" ಅಂದುಬಿಟ್ಟೆ. ಹೇಳಿದ ಮೇಲೇ ಗೊತ್ತಾಯಿತು. ಸಂಖ್ಯೆ ಮೊದಲೇ ಗೊತ್ತಾಗಿರುವುದರಿಂದ ಒಂದು ಲಾಭವಿದೆ: "ಇಷ್ಟು ಸಾಕಲ್ಲ" ಅಂತ ಮನಸ್ಸು ದಿನಾ ಚೌಕಾಶಿ ಮಾಡುವುದಿಲ್ಲ.

ಶಿಫ್ಟ್, ರಜೆ, ಮನೆಯ ಕಷ್ಟದಿಂದ ಕೆಲವರಿಗೆ ಒಂದೇ ವಾರ ಸಿಗುತ್ತದೆ. ಅವರನ್ನು ಕೀಳಾಗಿ ನೋಡುವ ಹಕ್ಕು ನಮಗಿಲ್ಲ. ಮಾಲೆ ತಡವಾದರೂ ಬರಿಗಾಲ ನಡಿಗೆ, ತಣ್ಣೀರ ಸ್ನಾನ, ನಾಲಿಗೆಯ ಹಿಡಿತ ಇವನ್ನು ಇವತ್ತೇ ಶುರು ಮಾಡಬಹುದು. ಮಕರವಿಳಕ್ಕಿಗೆ ಹೊರಡುವವರು ಹಿಂದಕ್ಕೆ ಎಣಿಸಿ: ಡಿಸೆಂಬರ್ ಶುರುವಿನಲ್ಲೇ ಮಾಲೆ ಕೊರಳಲ್ಲಿರಬೇಕು.

ಸ್ವಾಮಿಯೇ ಶರಣಂ ಅಯ್ಯಪ್ಪ.