ಹೊಕ್ಕುಳಬಳ್ಳಿಯ ರಕ್ತವೂ ಅರಣ್ಯದ ಮನ್ನವೂ

ಓದತಕ್ಕ ಭಾಗ: ವಿಮೋಚನಕಾಂಡ 16ನೆಯ ಅಧ್ಯಾಯ



ದೇವರು ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ಮನ್ನವನ್ನು ಕೊಟ್ಟ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಆ ಅಧ್ಯಾಯದಲ್ಲಿ ಕೂಡಿಸಿಡುವದರ ವಿಷಯವಾಗಿ ಎರಡು ಸಂಗತಿಗಳುಂಟು. ಕೆಲವರು ಅಪ್ಪಣೆಯನ್ನು ಕೇಳದೆ ಮರುದಿನಕ್ಕೆ ಉಳಿಸಿಟ್ಟ ಮನ್ನವು ಹುಳಬಿದ್ದು ನಾರಿತು. ಆದರೆ ಸಬ್ಬತ್ ದಿನಕ್ಕೋಸ್ಕರ ಅಪ್ಪಣೆಯಂತೆ ಇಟ್ಟದ್ದು ಕೆಡಲಿಲ್ಲ. ಮನ್ನವು ಒಂದೇ, ಇಟ್ಟ ಕಾರಣವು ಬೇರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಗರ್ಭಿಣಿಯರಿರುವ ಮನೆಗಳಲ್ಲಿ ಈಗ ಹುಟ್ಟುವ ಒಂದು ಪ್ರಶ್ನೆಯನ್ನು ವಿಚಾರಿಸೋಣ. ಕೂಸಿನ ಹೊಕ್ಕುಳಬಳ್ಳಿಯ ರಕ್ತವನ್ನು ಹಣ ತೆತ್ತು ನಮ್ಮ ಮಗುವಿಗೆಂದೇ ಇಡಿಸಬೇಕೋ, ಪರರಿಗೆ ದಾನಮಾಡಬೇಕೋ?

ನಮ್ಮ ಅಜ್ಜಿಯರ ಕಾಲದಲ್ಲಿ ಸೂಲಗಿತ್ತಿಯು ಬಳ್ಳಿಯನ್ನು ಕೊಯ್ದು ಮಾಸನ್ನು ಹೂಳಿಸುತ್ತಿದ್ದಳು. ಅದರಲ್ಲಿದ್ದ ರಕ್ತವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೊಸ ರಕ್ತವನ್ನು ಹುಟ್ಟಿಸುವ ಮೂಲಕಣಗಳು ಅದರಲ್ಲಿ ಇವೆಯೆಂದು ವೈದ್ಯರು ತರುವಾಯ ಕಂಡುಕೊಂಡರು. 1988ರಲ್ಲಿ ಪ್ಯಾರಿಸ್ ಪಟ್ಟಣದ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆಯು, ಫ್ಯಾಂಕೋನಿ ಎಂಬ ಘೋರವಾದ ರಕ್ತಹೀನತೆಯುಳ್ಳ ಒಬ್ಬ ಹುಡುಗನಿಗೆ ಇಂಥ ರಕ್ತವನ್ನು ಮೊದಲನೆಯ ಸಾರಿ ಏರಿಸಿ ಗುಣಪಡಿಸಿದರು. ಆ ರಕ್ತವು ಅವನದಲ್ಲ, ಆಗ ತಾನೇ ಹುಟ್ಟಿದ ಅವನ ತಂಗಿಯದು. ಇದನ್ನು ಮರೆಯಬೇಡಿರಿ.

ಈಗ ಕಂಪನಿಗಳು ಈ ರಕ್ತವನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿ ಬಹುವರುಷಗಳ ಕಾಲ ಇಟ್ಟುಕೊಡುತ್ತೇವೆಂದು ಹತ್ತಾರು ಸಾವಿರ ರೂಪಾಯಿಗಳನ್ನು ಕೇಳುತ್ತವೆ. ಮಗುವಿನ ಮೇಲೆ ಪ್ರೀತಿಯಿದ್ದರೆ ಇಡಿಸಿರಿ ಎಂಬ ಮಾತನ್ನು ಕೇಳಿದ ತಾಯಿಯ ಹೃದಯವು ನಡುಗದೆ ಇದ್ದೀತೇ? ಹೊಳಲ್ಕೆರೆಯ ಒಬ್ಬನು ಅಡಕೆಯ ಫಸಲನ್ನು ಒತ್ತೆಯಿಟ್ಟು, ಹೊಸದುರ್ಗದ ಒಬ್ಬಳು ಕೊರಳಿನ ಸರವನ್ನು ಅಡವಿಟ್ಟು ಈ ಹಣವನ್ನು ಕಟ್ಟಿದರೆ ಮಗುವಿಗೆ ಏನು ದೊರಕುವದೆಂದು ನೋಡೋಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರ ತನ್ನ ಮಾರ್ಗಸೂಚಿಯಲ್ಲಿ, ಮಗುವಿನ ಸ್ವಂತ ಉಪಯೋಗಕ್ಕೆಂದು ಈ ರಕ್ತವನ್ನು ಇಡುವದಕ್ಕೆ ಶಾಸ್ತ್ರೀಯ ಆಧಾರವಿಲ್ಲವೆಂದು ಹೇಳಿತು. ಯಾಕಂದರೆ ಥಲಸ್ಸೀಮಿಯದಂಥ ರೋಗವು ಹುಟ್ಟಿನಿಂದಲೇ ಬಂದದ್ದಾದರೆ ಅದೇ ದೋಷವು ಬಳ್ಳಿಯ ರಕ್ತದಲ್ಲಿಯೂ ಇರುವದು. ರಕ್ತದ ಕ್ಯಾನ್ಸರಿನ ಬೀಜವು ಸಹ ಅನೇಕ ಸಾರಿ ಅದರೊಳಗೆ ಮೊದಲೇ ಅಡಗಿರುವದು. ಕೆಟ್ಟ ಬೀಜದ ರಾಗಿಯನ್ನು ಹಗೇವಿನಲ್ಲಿ ಎಷ್ಟು ಜೋಪಾನವಾಗಿ ಇಟ್ಟರೂ ಒಳ್ಳೆಯ ಬೆಳೆ ಬಂದೀತೇ? ಇದಲ್ಲದೆ ಇಟ್ಟುಕೊಂಡವರ ಉಗ್ರಾಣವೇ ಮುಚ್ಚಿಹೋಗುವದುಂಟು. 2019ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಯೋ-ಸೇವ್ ಎಂಬ ಸಂಸ್ಥೆಯು ಕುಸಿದುಬಿದ್ದಾಗ ಅದು ಇಟ್ಟುಕೊಂಡಿದ್ದ ಅನೇಕ ಚೀಲಗಳು ಪೋಲೆಂಡ್ ದೇಶಕ್ಕೆ ಸಾಗಿಸಲ್ಪಟ್ಟವು. ಭಯದಿಂದ ಕೂಡಿಸಿಟ್ಟ ಮನ್ನವು ಇಂಥದೇ.

ಹಾಗಾದರೆ ಇಡುವದೇ ಪಾಪವೋ? ಅಲ್ಲ. ಸಬ್ಬತ್ತಿನ ಮನ್ನವನ್ನು ನೆನಸಿರಿ. ಮನೆಯಲ್ಲಿ ಈಗಾಗಲೇ ಥಲಸ್ಸೀಮಿಯ ಮೊದಲಾದ ರಕ್ತರೋಗವುಳ್ಳ ಹಿರಿಯ ಮಗುವಿದ್ದು ತಾಯಿಯು ಪುನಃ ಗರ್ಭಿಣಿಯಾಗಿದ್ದರೆ, ಬರುವ ಕೂಸಿನ ರಕ್ತವನ್ನು ಆ ಮಗುವಿಗೋಸ್ಕರ ಇಡಬಹುದೆಂದು ಅದೇ ಮಾರ್ಗಸೂಚಿಯು ಹೇಳುತ್ತದೆ. ಒಡಹುಟ್ಟಿದವರ ರಕ್ತದ ಗುಣವು ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು. ಅಂಥ ತಾಯಿತಂದೆಗಳು ಏಜೆಂಟರ ಮಾತನ್ನು ಆಧಾರ ಮಾಡಿಕೊಳ್ಳದೆ, ಆ ಮಗುವನ್ನು ನೋಡುತ್ತಿರುವ ರಕ್ತರೋಗದ ವೈದ್ಯರನ್ನು ಹೆರಿಗೆಗೆ ಬಹಳ ಮುಂಚೆಯೇ ವಿಚಾರಿಸಲಿ.

ಇನ್ನು ದಾನದ ವಿಷಯ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿರುವ ಮಾರಿಕಣಿವೆಯ ಕಟ್ಟೆಯನ್ನು ನೀವು ಬಲ್ಲಿರಿ. 1907ರಲ್ಲಿ ಮುಗಿದ ಆ ಕಟ್ಟೆಯ ನೀರು ಒಬ್ಬನ ಹೊಲಕ್ಕೆಂದು ನಿಂತದ್ದಲ್ಲ, ಬೇಕಾದವರೆಲ್ಲರಿಗಾಗಿ ನಿಂತದ್ದು. ಸಾರ್ವಜನಿಕ ಬ್ಯಾಂಕು ಹಾಗೆಯೇ. ಅದು ಹಣ ಕೇಳದೆ ರಕ್ತವನ್ನು ಸ್ವೀಕರಿಸುತ್ತದೆ, ಯಾರಿಗೆ ಹೊಂದುವದೋ ಅವರಿಗೆ ಕೊಡುತ್ತದೆ. ನಮ್ಮ ಕರ್ತನು ತನ್ನ ರಕ್ತವನ್ನು ತನಗಾಗಿ ಉಳಿಸಿಕೊಳ್ಳದೆ, ತನ್ನನ್ನು ಅರಿಯದವರಿಗಾಗಿಯೂ ಸುರಿಸಿದನಲ್ಲವೇ? ಆದಕಾರಣ ನೀವು ಹೆರಿಗೆಗೆ ಹೋಗುವ ಆಸ್ಪತ್ರೆಗೆ ಅಂಥ ಬ್ಯಾಂಕಿನ ಸಂಬಂಧವಿದ್ದರೆ ಸಂತೋಷವಾಗಿ ಕೊಡಿರಿ. ಒಪ್ಪಿಗೆಯ ಕಾಗದಕ್ಕೆ ನೋವು ಹುಟ್ಟುವದಕ್ಕೆ ಮುಂಚೆಯೇ, ಓದಿಸಿ ಕೇಳಿ, ತಾಯಿಯೇ ರುಜು ಹಾಕಲಿ. ಅತ್ತೆಯವರಾಗಲಿ ಗಂಡನಾಗಲಿ ಆಕೆಯನ್ನು ಒತ್ತಾಯಪಡಿಸಬಾರದು.

ಸಂಬಂಧವಿಲ್ಲದಿದ್ದರೆ ದುಃಖಿಸಬೇಡಿರಿ. ಹುಟ್ಟಿದ ಮೇಲೆ ಒಂದು ನಿಮಿಷವಾದರೂ ಕಾಯದೆ ಬಳ್ಳಿಯನ್ನು ಕಟ್ಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಬೋಧಿಸುತ್ತದೆ. ಕೂಸಿಗೆ ಉಸಿರು ಕೊಡಿಸಬೇಕಾದ ತುರ್ತಿದ್ದರೆ ವೈದ್ಯರು ತಕ್ಕದ್ದನ್ನು ನಿರ್ಣಯಿಸುವರು. ಆ ಹೊತ್ತಿನಲ್ಲಿ ಹರಿದುಬರುವ ರಕ್ತವು ಕೂಸಿನ ಮೈಸೇರಿ ಮುಂದಿನ ತಿಂಗಳುಗಳಿಗೆ ಕಬ್ಬಿಣದ ಅಂಶವನ್ನು ಕೂಡಿಸುತ್ತದೆ. ಇದು ದೇವರೇ ಏರ್ಪಡಿಸಿದ ಉಗ್ರಾಣ, ಬಡವರಿಗೂ ಉಚಿತ. ಚೀಲವನ್ನು ತುಂಬಿಸುವದಕ್ಕಾಗಿ ಬಳ್ಳಿಯನ್ನು ಅವಸರವಾಗಿ ಕೊಯ್ಯಗೊಡಬೇಡಿರಿ.

ದಾನಮಾಡಬೇಕೆಂಬ ಮನಸ್ಸು ಇನ್ನೂ ಉಳಿದಿರುವ ಯೌವನಸ್ಥರಿಗೆ ಬೇರೆ ಬಾಗಿಲು ತೆರೆದಿದೆ. ಬೆಂಗಳೂರಿನ ಡಿ.ಕೆ.ಎಂ.ಎಸ್. ಪ್ರತಿಷ್ಠಾನದಂಥವರು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರಸಿ, ರಕ್ತದ ಮೂಲಕಣಗಳನ್ನು ಕೊಡಲು ಒಪ್ಪುವವರ ಹೆಸರನ್ನು ಬರೆದುಕೊಳ್ಳುತ್ತಾರೆ. ಯಾವನೋ ರೋಗಿಗೆ ನಿಮ್ಮದು ಹೊಂದಿದರೆ ಕರೆ ಬರುವದು. ಆ ದಿನದಲ್ಲಿ ಹಿಂಜರಿಯದವರೇ ಹೆಸರು ಕೊಡಲಿ.

ಈಗಾಗಲೇ ಹಣ ಕಟ್ಟಿದವರನ್ನು ಯಾರೂ ಹೀಯಾಳಿಸಬಾರದು; ಅವರು ಪ್ರೀತಿಯಿಂದಲೇ ಕಟ್ಟಿದರು. ಕಟ್ಟಲಾರದ ತಾಯಿಯು ತಾನು ಮಗುವಿಗೆ ದ್ರೋಹಮಾಡಿದೆನೆಂದು ಕಣ್ಣೀರಿಡಬಾರದು. ಆಕೆ ಮಗುವಿನಿಂದ ಏನನ್ನೂ ಕಸಿದುಕೊಂಡಿಲ್ಲ. ಕಾಣುವ ಅಗತ್ಯಕ್ಕಾಗಿ ಇಡಿರಿ, ಸಾಧ್ಯವಿದ್ದಲ್ಲಿ ಕೊಡಿರಿ, ಎರಡೂ ಇಲ್ಲದಿದ್ದರೆ ಕೂಸಿನ ಪಾಲನ್ನು ಕೂಸಿಗೇ ಬಿಡಿರಿ. ಆದರೆ ಭಯಕ್ಕೆ ಮಾತ್ರ ಕಾಣಿಕೆ ಸಲ್ಲಿಸಬೇಡಿರಿ. ನಾಳೆಯ ಮನ್ನವನ್ನು ಕೊಡುವಾತನು ನಾಳೆಯೂ ಇರುವನು. ಆಮೆನ್.