ವ್ರತಿಯ ಮನೆಯಲ್ಲಿ ನಗೆ

ವ್ರತವೆಂದೊಡನೆ ಮುಖ ಬಿಗಿಯಬೇಕು, ಮಾತು ಕುಗ್ಗಬೇಕು, ಮನೆಯಲ್ಲಿ ನಗೆ ಕೇಳಿಸಬಾರದು ಎಂಬ ಭಾವನೆ ನಮ್ಮ ಅನೇಕ ಶ್ರಾವಕ ಕುಟುಂಬಗಳಲ್ಲಿ ಬೇರೂರಿದೆ. ಇದನ್ನು ನಿರಾಧಾರವೆಂದು ತಳ್ಳಿಹಾಕುವಂತೆಯೂ ಇಲ್ಲ. ಹಾಸ್ಯ, ರತಿಗಳೆರಡೂ ಒಂಬತ್ತು ನೋಕಷಾಯಗಳಲ್ಲಿ ಸೇರಿವೆ, ಚಾರಿತ್ರಮೋಹನೀಯದ ಪ್ರಕೃತಿಗಳವು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಸತ್ಯವ್ರತದ ಸ್ಥಿರತೆಗಾಗಿ ಹೇಳಿದ 5 ಭಾವನೆಗಳಲ್ಲಿ ಹಾಸ್ಯತ್ಯಾಗವೂ ಒಂದು. ಅದೇ ಅಧ್ಯಾಯದಲ್ಲಿ ಅನರ್ಥದಂಡವಿರತಿಯ ಅತಿಚಾರಗಳನ್ನು ಎಣಿಸುವಾಗ ಕಂದರ್ಪ, ಕೌತ್ಕುಚ್ಯ, ಮೌಖರ್ಯಗಳೇ ಮೊದಲು ಬರುತ್ತವೆ. ಹಾಗಾದರೆ ಪತಿಪತ್ನಿಯರ ನಡುವಣ ನಿತ್ಯದ ವಿನೋದವೂ ಅಕ್ಕರೆಯೂ ವ್ರತಕ್ಕೆ ಕಳಂಕವೇ? ಇದು ವಿಚಾರಿಸಬೇಕಾದ ಪ್ರಶ್ನೆ.

ಮೊದಲು ಶಬ್ದಗಳ ಅರ್ಥವನ್ನು ನೋಡೋಣ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟಿರುವ ವಿವರಣೆಯಂತೆ, ರಾಗದ ಉದ್ರೇಕದಿಂದ ನಗೆ ಬೆರೆಸಿ ಆಡುವ ಅಶಿಷ್ಟ ಮಾತು ಕಂದರ್ಪ. ಅದಕ್ಕೆ ದೇಹದ ಕುಚೇಷ್ಟೆ ಸೇರಿದರೆ ಕೌತ್ಕುಚ್ಯ. ಹೊತ್ತುಗೊತ್ತಿಲ್ಲದ ಹರಟೆ ಮೌಖರ್ಯ. ಮೂರರಲ್ಲಿಯೂ ದೋಷದ ಮೂಲ ಉದ್ರೇಕ, ಅಶಿಷ್ಟತೆ, ನಿಷ್ಪ್ರಯೋಜನ ಇವುಗಳಲ್ಲಿದೆ. ಅಸತ್ಯದ ಲಕ್ಷಣ ಹೇಳುವಲ್ಲಿಯೂ ಅದೇ ಆಚಾರ್ಯರು ಪ್ರಾಣಿಗಳಿಗೆ ಪೀಡೆಯುಂಟುಮಾಡುವ ಮಾತನ್ನು ಅಪ್ರಶಸ್ತವೆಂದಿದ್ದಾರೆ. ಪ್ರಮಾದದ ಯೋಗವಿದ್ದಲ್ಲಿ ದೋಷ. ಆದ್ದರಿಂದ ನಗೆಯನ್ನು ಪರೀಕ್ಷಿಸಬೇಕಾದರೆ ತುಟಿಯನ್ನು ನೋಡಿ ಪ್ರಯೋಜನವಿಲ್ಲ. ಅದರ ಹಿಂದಿರುವ ಪರಿಣಾಮವನ್ನು ನೋಡಬೇಕು.

ಒಂದು ಮನೆಯ ಮಾತು. ಯಜಮಾನರಿಗೆ ಎಪ್ಪತ್ತು ದಾಟಿತ್ತು. ಚಾತುರ್ಮಾಸ ಮುಗಿಯುವ ತನಕ ಉಪ್ಪಿನ ತ್ಯಾಗವನ್ನು ಕೈಕೊಂಡಿದ್ದರು. ನಿಯಮವೇನೋ ನಡೆಯಿತು; ಆದರೆ ದಿನಗಳೆದಂತೆ ಸಿಡುಕು ಹೆಚ್ಚಿತು. ನೀರು ಸೋಸುವ ಬಟ್ಟೆ ಸರಿಯಾಗಿ ಒಣಗಿಲ್ಲವೆಂದು ಸೊಸೆಯ ಮೇಲೆ, ಬಾಗಿಲು ಸದ್ದುಮಾಡಿತೆಂದು ಮೊಮ್ಮಗನ ಮೇಲೆ ರೇಗುತ್ತಿದ್ದರು. ಒಂದು ದಿನ ಆ ತಾಯಿ ಬಡಿಸುತ್ತ, “ಏನ್ರೀ, ಉಪ್ಪು ಬಿಟ್ಟಿರಿ, ಬಹಳ ಸಂತೋಷ. ಬರುವ ಚತುರ್ದಶಿಯಿಂದ ಖಾರವನ್ನೂ ಬಿಟ್ಟುಬಿಡಿ, ಅಡುಗೆಯದಲ್ಲ, ಮಾತಿನದು” ಎಂದರು. ಆತ ತಲೆಯೆತ್ತಿ ನೋಡಿದರು. ಕೋಪ ಬರಬೇಕಾದ ಕಡೆ ನಗೆ ಬಂತು. ಅಂದಿನಿಂದ ಸಿಡುಕು ಕಡಿಮೆಯಾಯಿತು.

ಅದೇ ಮನೆಯಲ್ಲಿ ಇನ್ನೊಂದು ಸಂಗತಿ. ತಿಂಗಳೊಂದು ಕಳೆದ ಮೇಲೆ ಪತ್ನಿಯ ಎಲೆಯಲ್ಲಿಯೂ ಉಪ್ಪಿಲ್ಲದ ಪಲ್ಯವೇ ಇರುವುದು ಆತನ ಗಮನಕ್ಕೆ ಬಂತು. “ನೀನೇಕೆ?” ಎಂದು ಕೇಳಿದಾಗ ಆಕೆ, “ಬೇರೆ ಪಾತ್ರೆ ತೊಳೆಯುವ ಕೆಲಸ ಉಳಿಯಿತು” ಎಂದುಬಿಟ್ಟರು. ಇದು ಅಸತ್ಯವೇ ಎಂದು ಶಾಸ್ತ್ರಚರ್ಚೆ ಮಾಡುವವರು ಕೇಳಬಹುದು. ಪಾತ್ರೆ ಉಳಿದದ್ದು ನಿಜ. ಆಕೆ ಮರೆಮಾಡಿದ್ದು ತನ್ನ ತಪವನ್ನು. ಆ ಮಾತಿನಿಂದ ಯಾರಿಗೂ ನೋವಾಗಲಿಲ್ಲ, ಆಕೆಗೆ ಮಾನಕಷಾಯವೂ ಬೆಳೆಯಲಿಲ್ಲ. ಗಂಡನ ವ್ರತದ ಪುಣ್ಯದಲ್ಲಿ ಪಾಲು ಕೇಳದೆ ಅದರ ಭಾರದಲ್ಲಿ ಪಾಲು ತೆಗೆದುಕೊಂಡ ಆ ವಿನೋದವನ್ನು ಕಂದರ್ಪವೆನ್ನಲು ನನಗಂತೂ ನಾಲಗೆ ಏಳದು.

ಇದಕ್ಕೆ ಪ್ರತಿಯಾದ ಉದಾಹರಣೆಯನ್ನು ಜನ್ನನ ಯಶೋಧರ ಚರಿತೆಯಲ್ಲಿ ಕಾಣುತ್ತೇವೆ. 1209ರ ಈ ಕೃತಿ ಜೀವದಯಾಷ್ಟಮಿಯ ಮಹಿಮೆಗೆ ಸಂಬಂಧಿಸಿದುದೆಂದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಅಮೃತಮತಿಯ ರಹಸ್ಯವನ್ನು ಕಣ್ಣಾರೆ ಕಂಡ ಯಶೋಧರನು ಮಾರನೆಯ ದಿನ ನಗುತ್ತಲೇ ನೈದಿಲೆಯಿಂದ ಆಕೆಯನ್ನು ಹೊಡೆದು, ಎರಡರ್ಥದ ಮಾತಾಡುತ್ತಾನೆ. ಹೂವು ಕೋಮಲ, ಮಾತು ವಿನೋದ. ಒಳಗಿರುವುದು ಮಾತ್ರ ಉರಿ. ಮನದ ಕ್ಷೋಭೆಯನ್ನು ತಾಯಿಯ ಮುಂದೆ ಕನಸಿನ ಕಥೆಯಾಗಿ ಮರೆಮಾಡುತ್ತಾನೆ. ಅದರಿಂದ ಹಿಟ್ಟಿನ ಕೋಳಿಯ ಬಲಿ, ಬಲಿಯಿಂದ ಭವಭವಗಳ ದುಃಖ. ಹಿಟ್ಟಿನ ಕೋಳಿಯ ಸಂಕಲ್ಪಹಿಂಸೆಯನ್ನು ನಾವು ಪದೇಪದೇ ಸ್ಮರಿಸುತ್ತೇವೆ. ಅದಕ್ಕೆ ಮುಂಚೆ ಬಂದ ಆ ಹೂವಿನ ಪೆಟ್ಟನ್ನು ಮರೆಯುತ್ತೇವೆ. ಅಮೃತಮತಿಯ ಅಪರಾಧ ಇದರಿಂದ ಕಿರಿದಾಗದು. ಆದರೆ ಕಷಾಯವನ್ನು ನಗೆಯ ಬಟ್ಟೆಯಲ್ಲಿ ಸುತ್ತಿಟ್ಟರೆ ಅದು ತಣ್ಣಗಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ಮನೆಗಳಲ್ಲಿ ಇಂಥ ಹೂವಿನ ಪೆಟ್ಟುಗಳು ಅಪರೂಪವೇನಲ್ಲ. ನಾಲ್ಕು ಜನ ನೆಂಟರ ಮುಂದೆ ಹೆಂಡತಿಯ ಅಡುಗೆಯನ್ನೋ ತವರನ್ನೋ ಹಾಸ್ಯಮಾಡುವುದು, ಗಂಡನ ಸಂಪಾದನೆಯನ್ನು ಲೇವಡಿ ಮಾಡುವುದು, ನೊಂದವರು ಮುಖ ಸಣ್ಣದು ಮಾಡಿದರೆ “ತಮಾಷೆಗೆ ಅಂದೆ” ಎಂದು ಜಾರಿಕೊಳ್ಳುವುದು, ಇವೆಲ್ಲ ಆ ಜಾತಿಯವೇ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ 8 ಅಂಗಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳನ್ನು ಬಸದಿಯಲ್ಲಿ ಕೇಳಿ ಹೊರಗಿನ ಸಾಧರ್ಮಿಗಳಿಗೆ ಅನ್ವಯಿಸುತ್ತೇವೆ. ಒಂದೇ ಸೂರಿನಡಿ ಬಾಳುವ ಸಾಧರ್ಮಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದೋಷವನ್ನು ಹತ್ತು ಜನರ ಮುಂದೆ ಆಡದಿರುವುದು ಉಪಗೂಹನ. ವ್ರತದಲ್ಲಿ ಕುಸಿಯುತ್ತಿರುವವರನ್ನು ನೋಯಿಸದೆ ನಿಲ್ಲಿಸುವುದು ಸ್ಥಿತಿಕರಣ. ಕಪಟವಿಲ್ಲದ ಆದರ ವಾತ್ಸಲ್ಯ. ಆ ತಾಯಿಯ ಖಾರದ ಮಾತಿನಲ್ಲಿ ಇದ್ದದ್ದು ಈ ಸ್ಥಿತಿಕರಣವೇ.

ಆದರೂ ಒಂದು ಎಚ್ಚರಿಕೆ ಅಗತ್ಯ. ದಾಂಪತ್ಯದ ಅಕ್ಕರೆಯೇ ಮೋಕ್ಷಮಾರ್ಗವೆಂದು ಯಾರೂ ಭ್ರಮಿಸಬಾರದು. ಪ್ರಶಸ್ತವಾದ ರಾಗವೂ ರಾಗವೇ, ಬಂಧವೇ. ಹಾಸ್ಯಾದಿ ಆರು ನೋಕಷಾಯಗಳ ಉದಯ ಎಂಟನೆಯ ಗುಣಸ್ಥಾನದವರೆಗೂ ಇದೆಯೆಂದು ಸಿದ್ಧಾಂತ ಹೇಳುತ್ತದೆ. ಐದನೆಯದರಲ್ಲಿ ನಿಂತಿರುವ ಅಣುವ್ರತಿ ಅದನ್ನು ಗೆದ್ದವನಂತೆ ಮುಖ ಮಾಡಿಕೊಂಡರೆ ಮಾಯಾಕಷಾಯವೊಂದು ಹೆಚ್ಚಾದೀತು. ಆತನಿಗೆ ಸಾಧ್ಯವಾದುದು ಶುದ್ಧಿ: ಉದ್ರೇಕವನ್ನು ಕಳೆದು, ಚುಚ್ಚನ್ನು ಕಳೆದು, ರತಿಯನ್ನು ಮೆಲ್ಲಮೆಲ್ಲನೆ ವಾತ್ಸಲ್ಯಕ್ಕೆ ತಿರುಗಿಸುವುದು. ದಂಪತಿಗಳು ಮುಂದೆ ಬ್ರಹ್ಮಚರ್ಯ ಪ್ರತಿಮೆಯನ್ನು ಸ್ವೀಕರಿಸುವ ದಿನ ಬಂದಾಗ ಅವರಲ್ಲಿ ಉಳಿಯುವುದು ಈ ವಾತ್ಸಲ್ಯವೇ. ಅದು ಮೊದಲೇ ಬೆಳೆದಿಲ್ಲದಿದ್ದರೆ ತ್ಯಾಗವಾದ ಮೇಲೆ ಮನೆಯಲ್ಲಿ ಬರಿಯ ಮೌನ ಉಳಿದೀತು.

ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯ ದಿನ ಊರವರೆಲ್ಲರ ಕ್ಷಮೆ ಯಾಚಿಸುತ್ತೇವೆ. ದೂರದವರಿಗೆ ಸಂದೇಶ ಕಳುಹಿಸುತ್ತೇವೆ. ಈ ಬಾರಿ ಬಸದಿಗೆ ಹೊರಡುವ ಮುನ್ನ ಪತಿಪತ್ನಿಯರು ಪರಸ್ಪರ ಕೈಮುಗಿದು, ವರ್ಷದಲ್ಲಿ ಹಾಸ್ಯದ ಹೆಸರಿನಲ್ಲಿ ಆಡಿದ ನೋವಿನ ಮಾತುಗಳಿಗೆ ಕ್ಷಮೆ ಕೇಳಲಿ. ಇಷ್ಟು ವರ್ಷ ಹೀಗೆ ಮಾಡದವರಿಗೆ ಆಗ ನಗೆ ಬರುವುದುಂಟು. ಬರಲಿ, ಆ ನಗೆಯಿಂದ ವ್ರತಕ್ಕೆ ಹಾನಿಯಿಲ್ಲ.