ಗಿಲೀಟೆಲ್ಲವೂ ಕಪಟವೇ?

ಹೊರಗೊಂದು ಒಳಗೊಂದು ಇರುವವರನ್ನು ನಾವು ಗಿಲೀಟಿನವರೆಂದು ಹಳಿಯುತ್ತೇವೆ. ಆದರೆ ಲೇಪವೆಲ್ಲವೂ ವಂಚನೆಯೇ? ಗಣಕಯಂತ್ರದ ಭಾಗಗಳನ್ನು ಜೋಡಿಸುವ ಉತ್ತಮ ಕನೆಕ್ಟರುಗಳನ್ನು ಗಮನಿಸಿರಿ. ತಾಮ್ರದ ಮಿಶ್ರಲೋಹ, ಅದರ ಮೇಲೆ ನಿಕಲ್, ಅದಕ್ಕೂ ಮೇಲೆ ಸಾಮಾನ್ಯವಾಗಿ 1 ಮೈಕ್ರಾನಿಗಿಂತಲೂ ತೆಳುವಾದ ಚಿನ್ನ. ಕಿಲುಬು ಹಿಡಿಯದ ಆ ಚಿನ್ನ ವಿದ್ಯುತ್ತಿಗೆ ಹಾದಿ ಕೊಡುತ್ತದೆ. ಅದು ಇರುವುದು ಮರೆಮಾಚಲಿಕ್ಕಲ್ಲ.

ಸೋಜಿಗವೆಂದರೆ, ಪದೇ ಪದೇ ಉಜ್ಜುವ ಕಡೆ ಅಪ್ಪಟ ಚಿನ್ನ ಬಾಳದು. ಮೆತ್ತನೆಯ ಚಿನ್ನ ಚಿನ್ನಕ್ಕೇ ಅಂಟಿ, ಜಾರುವಾಗ ಒಂದನ್ನೊಂದು ಕಿತ್ತುಕೊಳ್ಳುತ್ತದೆ. 'ನನ್ನದು ನೇರ ನುಡಿ' ಎಂದು ಬೀಗುವ ಇಬ್ಬರು ಒಂದೇ ಸೂರಿನಡಿ ಇದ್ದರೆ ಆಗುವುದೂ ಬಹುಶಃ ಇದೇ! ಆದುದರಿಂದ ಶೇಕಡಾ 1ಕ್ಕೂ ಕಡಿಮೆ ಕೋಬಾಲ್ಟ್ ಬೆರೆಸಿ ಚಿನ್ನವನ್ನು ಗಡುಸುಗೊಳಿಸುತ್ತಾರೆ. ಅಡಿಯ ನಿಕಲ್ ಒತ್ತಡವನ್ನು ಹೊರುತ್ತದೆ, ತಾಮ್ರ ಮೇಲೇರದಂತೆ ತಡೆಯುತ್ತದೆ.

ಲಾಭಕ್ಕಾಗಿ ಇಲ್ಲದ ಪ್ರೀತಿಯನ್ನು ನಟಿಸುವುದು ಕಪಟವೇ ಸರಿ. ಆದರೆ ಸಿಟ್ಟು ಕುದಿಯುತ್ತಿರುವಾಗಲೂ ಸೊಸೆಯೊಡನೆ ಮೆಲ್ಲಗೆ ಮಾತನಾಡುವ ಅತ್ತೆಯನ್ನು ಕಪಟಿ ಎನ್ನಲಾದೀತೆ? ಆಕೆಯ ನಯವೂ ತೆಳುವೇ. ಅಡಿಯಲ್ಲಿ ತಾಳ್ಮೆಯಿಲ್ಲದಿದ್ದರೆ ದಿನನಿತ್ಯದ ತಿಕ್ಕಾಟಕ್ಕೆ ಅದು ಬೇಗನೆ ಸವೆದೀತು. ಆದರೂ ಅದು ಇರುವಷ್ಟು ಕಾಲ ಆ ಅಡುಗೆಮನೆಯಲ್ಲಿ ಮಾತು ನಿಲ್ಲುವುದಿಲ್ಲ.